ಒಂದು ಘಳಿಗೆಯ ಉಸಿರು: ಹರಿಕಥಾಮೃತಸಾರದಿಂದ ನಿತ್ಯದ ಯೋಗ-ಧ್ಯಾನಕ್ಕೊಂದು ಪಾಠ

|| ಶ್ರೀ ಗುರುಭ್ಯೋ ನಮಃ || ಹರಿಃ ಓಂ ||



ನಮ್ಮ ಶನಿವಾರದ ಆನ್‌ಲೈನ್ ಭಜನಾ ತರಗತಿಯಲ್ಲಿ ಹಾಡು ಮುಗಿದ ಮೇಲೆ ಹತ್ತು ನಿಮಿಷ ಪ್ರಶ್ನೋತ್ತರಕ್ಕೆ ಅಂತ ಇಟ್ಟುಕೊಂಡಿದ್ದೇವೆ. ಅದರಲ್ಲಿ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಒಂದು: "ದಿನಾ ಭಜನೆ ಮಾಡ್ತೀವಲ್ಲ ಅಕ್ಕ, ಮತ್ತೆ ಯೋಗ, ಧ್ಯಾನ ಅಂತ ಬೇರೆ ಯಾಕೆ ಬೇಕು?" ಇನ್ನೊಂದು ಅದಕ್ಕೆ ಪೂರ್ತಿ ಉಲ್ಟಾ: "ನಾನು ಜಿಮ್‌ನಲ್ಲಿ ಯೋಗ ಕ್ಲಾಸಿಗೆ ಹೋಗ್ತೀನಿ, ಫೋನಿನಲ್ಲಿ ಮೆಡಿಟೇಷನ್ ಆ್ಯಪ್ ಇದೆ. ಇದಕ್ಕೂ ದಾಸರ ಪದಕ್ಕೂ ಏನು ಸಂಬಂಧ?"

ಎರಡೂ ಪ್ರಶ್ನೆಗಳಿಗೆ ಉತ್ತರ ನಮ್ಮ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲೇ ಇದೆ. ಅದರಲ್ಲಿ ಶ್ವಾಸ ಸಂಧಿ ಅಂತ ಒಂದು ಭಾಗ ಇದೆ, ನಾಮಸ್ಮರಣ ಸಂಧಿ ಅಂತ ಇನ್ನೊಂದು, ಭೋಜನ ಸಂಧಿ ಅಂತ ಮತ್ತೊಂದು. ಉಸಿರಾಟ, ದಿನದ ಕೆಲಸ, ಊಟ. ಈ ಮೂರನ್ನು ಸರಿ ಮಾಡಿಕೊಂಡರೆ ದೇಹಕ್ಕೂ ಮನಸ್ಸಿಗೂ ಬೇಕಾದದ್ದು ಬಹಳ ಮಟ್ಟಿಗೆ ಸಿಗುತ್ತದೆ ಅನ್ನುವುದು ಇವತ್ತಿನ ಪಾಠದ ವಿಷಯ. ಕೊನೆಯಲ್ಲಿ ದಿನಕ್ಕೆ ಒಂದು ಘಳಿಗೆ, ಅಂದರೆ 24 ನಿಮಿಷ, ಮಾಡಬಹುದಾದ ಒಂದು ಕ್ರಮವನ್ನೂ ಕೊಟ್ಟಿದ್ದೇನೆ.

ಯೋಗ ಅಂದರೆ ಎಷ್ಟು?

ನಾವಿರುವ ಊರುಗಳಲ್ಲಿ ಯೋಗ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಚಾಪೆ ಮತ್ತು ಆಸನ. ಪತಂಜಲಿ ಮುನಿಗಳು ಹೇಳಿದ್ದು ಎಂಟು ಅಂಗ: ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿ. ಎಂಟರಲ್ಲಿ ಆಸನ ಒಂದು ಮಾತ್ರ. ಅದಕ್ಕೂ ಅವರು ಕೊಟ್ಟ ಲಕ್ಷಣ ಬಹಳ ಸರಳ. ಕೂತ ಭಂಗಿ ಅಲುಗಾಡದೆ ನಿಲ್ಲಬೇಕು, ಜೊತೆಗೆ ಸುಖವಾಗಿಯೂ ಇರಬೇಕು. ಕಾಲನ್ನು ಕತ್ತಿನ ಹಿಂದೆ ಹಾಕಬೇಕು ಅಂತ ಅವರು ಎಲ್ಲೂ ಕಡ್ಡಾಯ ಮಾಡಿಲ್ಲ.

ನಿಯಮ ಅನ್ನುವ ಎರಡನೆಯ ಅಂಗದಲ್ಲಿ ಐದು ಸಂಗತಿಗಳಿವೆ: ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಕೊನೆಯದನ್ನು ಗಮನಿಸಿ. ದೇವರಿಗೆ ಒಪ್ಪಿಸಿಕೊಳ್ಳುವುದು ಯೋಗದ ಒಳಗೇ ಇದೆ. ಭಕ್ತಿ ಬೇರೆ, ಯೋಗ ಬೇರೆ ಅಂತ ಗೋಡೆ ಕಟ್ಟಿಕೊಂಡವರು ನಾವು.

ಇನ್ನೊಂದು ವಿಷಯ ನಮ್ಮ ಮಕ್ಕಳಿಗೆ ಹೇಳಲೇಬೇಕು. ಇವತ್ತು ಟೊರಾಂಟೊ, ಲಂಡನ್, ಸಿಡ್ನಿಯ ಯೋಗಶಾಲೆಗಳಲ್ಲಿ ಕಲಿಸುವ ಆಸನ ಪದ್ಧತಿಗಳಲ್ಲಿ ದೊಡ್ಡ ಪಾಲು ಕನ್ನಡನಾಡಿನಿಂದ ಹೊರಟದ್ದು. ಚಿತ್ರದುರ್ಗ ಜಿಲ್ಲೆಯ ಮುಚುಕುಂಟೆಯವರಾದ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಮೊದಲು ಪ್ರಕಟವಾದದ್ದು ಕನ್ನಡದಲ್ಲಿ. ಅವರ ಶಿಷ್ಯರಾದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಇನ್ನೊಬ್ಬ ಶಿಷ್ಯ ಪಟ್ಟಾಭಿ ಜೋಯಿಸರು ಹಾಸನದ ಹತ್ತಿರದ ಕೌಶಿಕದವರು. ಆದ್ದರಿಂದ ನಮ್ಮ ಬೀದಿಯ ಕೊನೆಯಲ್ಲಿರುವ ಸ್ಟುಡಿಯೋದಲ್ಲಿ ಯಾರೋ ವಿದೇಶಿ ಟೀಚರ್ ಕಲಿಸಿದರೂ ಅದು ನಮಗೆ ಪರಕೀಯವಾದ ವಿದ್ಯೆ ಅಲ್ಲ.

ಶ್ವಾಸ ಸಂಧಿಯ ಲೆಕ್ಕ

ಈಗ ದಾಸರ ಕಡೆಗೆ ಬರೋಣ. ಶ್ವಾಸ ಸಂಧಿಯಲ್ಲಿ ಜಗನ್ನಾಥದಾಸರು ಒಂದು ಲೆಕ್ಕ ಕೊಡುತ್ತಾರೆ. ಭಾರತೀಪತಿಯಾದ ಮುಖ್ಯಪ್ರಾಣದೇವರು ಪ್ರತಿಯೊಬ್ಬ ಜೀವನ ಒಳಗಿದ್ದು ಒಂದು ಘಳಿಗೆಗೆ 360 ಶ್ವಾಸಜಪ ಮಾಡುತ್ತಾರೆ. ದಿನಕ್ಕೆ 60 ಘಳಿಗೆ. ಹಾಗಾದರೆ ಒಂದು ಹಗಲು-ರಾತ್ರಿಗೆ 21,600. ಇದೇ ನಾವು ಕೇಳಿರುವ ಹಂಸಮಂತ್ರ ಜಪದ ಸಂಖ್ಯೆ.

ಇದನ್ನು ಗಡಿಯಾರದ ಲೆಕ್ಕಕ್ಕೆ ತಂದು ನೋಡಿ. ಒಂದು ಘಳಿಗೆ ಅಂದರೆ 24 ನಿಮಿಷ. 360ನ್ನು 24ರಿಂದ ಭಾಗಿಸಿದರೆ ನಿಮಿಷಕ್ಕೆ 15 ಉಸಿರು. ಇವತ್ತು ಯಾವ ಆಸ್ಪತ್ರೆಗೆ ಹೋಗಿ ಕೇಳಿದರೂ, ಸುಮ್ಮನೆ ಕೂತ ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ ಅಂತ ಹೇಳುತ್ತಾರೆ. ದಾಸರ ಲೆಕ್ಕ ಅದರ ನಡುವೆ ಕೂರುತ್ತದೆ. ತರಗತಿಯ ಮಕ್ಕಳಿಗೆ ಈ ಭಾಗಾಕಾರ ಮಾಡಿಸಿದಾಗ ಅವರ ಮುಖ ನೋಡಬೇಕಿತ್ತು! ಹರಿಕಥಾಮೃತಸಾರ ಅಜ್ಜಿ-ತಾತಂದಿರ ಪುಸ್ತಕ ಅಂದುಕೊಂಡಿದ್ದ ಹುಡುಗರು ಅವತ್ತೇ ಫೋನಿನ ಟೈಮರ್ ಇಟ್ಟುಕೊಂಡು ಮನೆಯವರ ಉಸಿರನ್ನೆಲ್ಲ ಎಣಿಸಿದರು.

ಆದರೆ ದಾಸರು ಲೆಕ್ಕ ಕೊಟ್ಟಿದ್ದು ಲೆಕ್ಕಕ್ಕಾಗಿ ಅಲ್ಲ. ಇಲ್ಲಿ ಮುಖ್ಯವಾದ ಮಾತು ಏನೆಂದರೆ, ಈ ಜಪವನ್ನು ನಾವು ಮಾಡುತ್ತಿಲ್ಲ. ನಾವು ಮಲಗಿದಾಗಲೂ, ಮೈಮರೆತಾಗಲೂ, ಕೋಪದಲ್ಲಿ ಕೂಗಾಡುವಾಗಲೂ ನಮ್ಮೊಳಗೆ ಪ್ರಾಣದೇವರು ಅದನ್ನು ನಡೆಸುತ್ತಲೇ ಇದ್ದಾರೆ. ನಮ್ಮ ಪಾಲಿನ ಕೆಲಸ ಅನುಸಂಧಾನ. ಅಂದರೆ ನಡೆಯುತ್ತಿರುವುದನ್ನು ತಿಳಿದು, ಯಾರು ನಡೆಸುತ್ತಿದ್ದಾರೆ ಅಂತ ನೆನೆದು, ಅವರೊಳಗಿನ ಹರಿಗೆ ಒಪ್ಪಿಸುವುದು. ಆ್ಯಪ್‌ನಲ್ಲಿ ಕೇಳಿಸುವ ದನಿ "ಉಸಿರನ್ನು ಗಮನಿಸಿ" ಅನ್ನುತ್ತದೆ. ದಾಸರೂ ಅದನ್ನೇ ಹೇಳುತ್ತಾರೆ, ಆಮೇಲೆ ಇನ್ನೊಂದು ಹೆಜ್ಜೆ ಮುಂದೆ ಕರೆದುಕೊಂಡು ಹೋಗುತ್ತಾರೆ.

ಮುಖ್ಯಪ್ರಾಣದೇವರ ಅವತಾರಗಳನ್ನೂ ಯೋಚಿಸಿ. ಹನುಮ, ಭೀಮ, ಮಧ್ವ. ಮೂವರಲ್ಲೂ ಭಕ್ತಿ ಎಷ್ಟೋ ದೇಹಬಲವೂ ಅಷ್ಟೇ. ಸುಮಧ್ವವಿಜಯದಲ್ಲಿ ಬಾಲಕ ವಾಸುದೇವ ಓಟ, ಈಜು, ಕುಸ್ತಿಯಲ್ಲಿ ಓರಗೆಯವರನ್ನೆಲ್ಲ ಮೀರಿಸುತ್ತಿದ್ದ ವರ್ಣನೆ ಇದೆ. ದೇಹವನ್ನು ಅಲಕ್ಷ್ಯ ಮಾಡಿದರೆ ಭಕ್ತಿ ಹೆಚ್ಚುತ್ತದೆ ಅನ್ನುವ ಮಾತು ನಮ್ಮ ಪರಂಪರೆಯದ್ದಲ್ಲ.

ಉಸಿರು ನಿಧಾನವಾದರೆ ಏನಾಗುತ್ತದೆ?

ಎಡಗೈ ಮಣಿಕಟ್ಟಿನ ನಾಡಿಯ ಮೇಲೆ ಬಲಗೈಯ ಬೆರಳಿಟ್ಟು, ನಿಧಾನವಾಗಿ ದೀರ್ಘ ಉಸಿರಾಡಿ ನೋಡಿ. ಉಸಿರು ಒಳಗೆ ಬರುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಹೊರಗೆ ಹೋಗುವಾಗ ಸ್ವಲ್ಪ ನಿಧಾನವಾಗುತ್ತದೆ. ಮೆದುಳಿನ ಬುಡದಿಂದ ಹೊರಟು ಕತ್ತಿನ ಮೂಲಕ ಹೃದಯ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಅನ್ನುವ ನರ ಇದಕ್ಕೆ ಕಾರಣ. ಉಸಿರು ಬಿಡುವ ಹೊತ್ತಿನಲ್ಲಿ ಆ ನರದ ಪ್ರಭಾವ ಹೆಚ್ಚು, ಅದು ಹೃದಯಕ್ಕೆ "ಸ್ವಲ್ಪ ತಾಳು" ಅನ್ನುತ್ತದೆ. ಹಾಗಾಗಿ ಉಸಿರು ತೆಗೆದುಕೊಳ್ಳುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದರೆ ದೇಹಕ್ಕೆ ನೆಮ್ಮದಿಯ ಸೂಚನೆ ಹೋಗುತ್ತದೆ. ಗಾಬರಿಯಾದಾಗ ಇದರ ವಿರುದ್ಧ ನಡೆಯುತ್ತದೆ. ಉಸಿರು ಚಿಕ್ಕದಾಗುತ್ತದೆ, ಎದೆಯ ಮೇಲ್ಭಾಗದಲ್ಲೇ ಓಡಾಡುತ್ತದೆ, ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ.

ಈ ವಿಷಯದಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಧ್ಯಯನ ಇದೆ. ಇಟಲಿಯ ವೈದ್ಯ ಲೂಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಮಾಡಿದ್ದು, 2001ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 23 ಜನ ಆರೋಗ್ಯವಂತರಿಗೆ ಒಮ್ಮೆ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ, ಒಮ್ಮೆ ಯೋಗದ ಮಂತ್ರವನ್ನು ಹೇಳಲು ಹೇಳಿದರು. ಎರಡರಲ್ಲೂ ಉಸಿರಾಟ ತಾನಾಗಿಯೇ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ರಕ್ತದೊತ್ತಡವನ್ನು ಕ್ಷಣಕ್ಷಣಕ್ಕೂ ಸರಿದೂಗಿಸುವ ದೇಹದ ಸಹಜ ವ್ಯವಸ್ಥೆ ಹೆಚ್ಚು ಸೂಕ್ಷ್ಮವಾಗಿ ಕೆಲಸ ಮಾಡಿತು. ಇದು ಚಿಕ್ಕ ಅಧ್ಯಯನ, ಕಾಯಿಲೆ ವಾಸಿಯಾಯಿತು ಅಂತ ಅದು ಹೇಳುವುದಿಲ್ಲ. ಆದರೆ ದೇವರ ನಾಮವನ್ನು ಲಯವಾಗಿ ಹೇಳಿದರೆ ಉಸಿರು ತಾನೇ ದಾರಿಗೆ ಬರುತ್ತದೆ ಅನ್ನುವುದನ್ನು ಅಳೆದು ತೋರಿಸಿತು.

ಭ್ರಾಮರಿ ಪ್ರಾಣಾಯಾಮ ಗೊತ್ತಲ್ಲ? ಬಾಯಿ ಮುಚ್ಚಿ, ದುಂಬಿಯ ಹಾಗೆ ಗುಂಯ್ ಅಂತ ಉಸಿರು ಬಿಡುವುದು. ಮೂಗಿನ ಅಕ್ಕಪಕ್ಕದ ಪೊಳ್ಳು ಜಾಗಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ತಯಾರಾಗುತ್ತದೆ. ಸುಮ್ಮನೆ ಮೂಗಿನಿಂದ ಉಸಿರು ಬಿಡುವುದಕ್ಕೆ ಹೋಲಿಸಿದರೆ ಗುನುಗುವಾಗ ಅದು ಸುಮಾರು 15 ಪಟ್ಟು ಹೆಚ್ಚು ಹೊರಬರುತ್ತದೆ ಅಂತ ಸ್ವೀಡನ್ನಿನ ಸಂಶೋಧಕರು 2002ರಲ್ಲಿ ತೋರಿಸಿದರು. ಅಂದರೆ ಗುನುಗಿದಾಗ ಆ ಪೊಳ್ಳು ಜಾಗಗಳಲ್ಲಿ ಗಾಳಿ ಚೆನ್ನಾಗಿ ಓಡಾಡುತ್ತದೆ. ಅಡಿಗೆ ಮಾಡುತ್ತಾ ದೇವರನಾಮ ಗುನುಗುತ್ತಿದ್ದ ನಮ್ಮ ಅಮ್ಮಂದಿರು ಇದನ್ನು ಹೆಸರಿಡದೇ ಮಾಡುತ್ತಿದ್ದರು.

ಹಾಡುವುದೂ ಪ್ರಾಣಾಯಾಮವೇ

ಪುರಂದರದಾಸರು ಸಂಗೀತ ಕಲಿಯುವವರಿಗೆ ಹಾಕಿಕೊಟ್ಟ ಮೊದಲ ಮೆಟ್ಟಿಲು ಮಾಯಾಮಾಳವಗೌಳದ ಸರಳೆ ವರಸೆ. ಅದನ್ನು ಮೂರು ಕಾಲದಲ್ಲಿ ಹಾಡಿಸುತ್ತೇವೆ. ಮೊದಲ ಕಾಲದಲ್ಲಿ ಒಂದು ಆವರ್ತವನ್ನು ನಡುವೆ ಉಸಿರು ಒಡೆಯದೆ ಹಾಡಬೇಕಾದರೆ ಹೊಟ್ಟೆಯಿಂದ ಉಸಿರು ತುಂಬಿಕೊಳ್ಳಬೇಕು, ಅಳತೆಯಿಂದ ಬಿಡಬೇಕು. ಬೇಗ ಒಳಗೆ, ನಿಧಾನವಾಗಿ ಹೊರಗೆ. ಮೇಲೆ ಹೇಳಿದ ದೀರ್ಘ ನಿಶ್ವಾಸ ಇದೇ.

ಉಗಾಭೋಗಕ್ಕೆ ತಾಳದ ಕಟ್ಟಿಲ್ಲ. ಒಂದೊಂದು ಸಾಲನ್ನು ನಮ್ಮ ಉಸಿರಿನ ಉದ್ದಕ್ಕೆ ಎಳೆದು ಹಾಡಬಹುದು. ಅದಕ್ಕೇ ನಾನು ತರಗತಿಯಲ್ಲಿ ಯಾವಾಗಲೂ ಉಗಾಭೋಗದಿಂದ ಶುರು ಮಾಡಿಸುತ್ತೇನೆ. ಕೆಲಸ ಮುಗಿಸಿ, ಟ್ರಾಫಿಕ್ ದಾಟಿ, ಮಕ್ಕಳಿಗೆ ಊಟ ಹಾಕಿ ಓಡೋಡಿ ಬಂದು ಲಾಗಿನ್ ಆದವರ ದನಿ ಮೊದಲ ಎರಡು ಸಾಲಿನಲ್ಲಿ ಏದುಸಿರು ಬಿಡುತ್ತಿರುತ್ತದೆ. ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ನಿಂತಿರುತ್ತದೆ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ: ಭಜನೆ ಮಾಡುವವರು ಪ್ರಾಣಾಯಾಮದ ಅರ್ಧ ದಾರಿ ಆಗಲೇ ನಡೆದಿದ್ದಾರೆ. ಆದರೆ ದಿನಕ್ಕೆ ಎಂಟು-ಹತ್ತು ಗಂಟೆ ಕಂಪ್ಯೂಟರ್ ಮುಂದೆ ಬಾಗಿ ಕೂತ ಬೆನ್ನಿಗೆ, ಬಿಗಿದ ಭುಜಕ್ಕೆ, ಕುರ್ಚಿಯಲ್ಲೇ ಜಡವಾದ ಮೊಣಕಾಲಿಗೆ ಹಾಡು ಒಂದೇ ಸಾಲದು. ಅವಕ್ಕೆ ಅಲುಗಾಟ ಬೇಕು. ಊರಿನಲ್ಲಿ ನಮ್ಮ ಹಿರಿಯರು ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದರು, ಪ್ರದಕ್ಷಿಣೆ, ಸಾಷ್ಟಾಂಗ ನಮಸ್ಕಾರ ಮಾಡುತ್ತಿದ್ದರು, ನೆಲದ ಮೇಲೆ ಕೂತು ಏಳುತ್ತಿದ್ದರು, ನೀರು ಸೇದುತ್ತಿದ್ದರು. ನಾವು ಇಲ್ಲಿ ದೇವಸ್ಥಾನಕ್ಕೂ ಕಾರಿನಲ್ಲಿ ಹೋಗುತ್ತೇವೆ. ಚಳಿಗಾಲದಲ್ಲಂತೂ ಸಂಜೆ ಐದಕ್ಕೆ ಮುಂಚೆಯೇ ಕತ್ತಲು, ಹೊರಗೆ ಹಿಮ, ವಾರಗಟ್ಟಲೆ ನಡಿಗೆಯೇ ಇಲ್ಲ. ನಾವು ಕಳೆದುಕೊಂಡ ಆ ಚಲನೆಯನ್ನು ಆಸನದ ಮೂಲಕ ವಾಪಸ್ ತರಬೇಕು.

ಧ್ಯಾನ: ಮಕ್ಕಳನ್ನು ಆಡಿಸುವಾಗಲೂ

ಭಗವದ್ಗೀತೆಯ ಆರನೆಯ ಅಧ್ಯಾಯ ಧ್ಯಾನಕ್ಕೆ ಮೀಸಲು. ಅದರಲ್ಲಿ ಶ್ರೀಕೃಷ್ಣ ಎಷ್ಟು ವ್ಯಾವಹಾರಿಕವಾಗಿ ಮಾತಾಡುತ್ತಾನೆ ನೋಡಿ. ಕೂರುವ ಜಾಗ ಶುಚಿಯಾಗಿರಬೇಕು, ತೀರಾ ಎತ್ತರ ಬೇಡ, ತೀರಾ ತಗ್ಗು ಬೇಡ. ಬೆನ್ನು, ಕತ್ತು, ತಲೆ ನೇರ ಇರಬೇಕು. ಅತಿಯಾಗಿ ತಿನ್ನುವವನಿಗೂ ಯೋಗ ಇಲ್ಲ, ಏನೂ ತಿನ್ನದವನಿಗೂ ಇಲ್ಲ. ಅತಿಯಾಗಿ ಮಲಗುವವನಿಗೂ ಇಲ್ಲ, ನಿದ್ದೆಗೆಡುವವನಿಗೂ ಇಲ್ಲ. ರಾತ್ರಿ ಒಂದರವರೆಗೆ ಫೋನು ನೋಡಿ ಬೆಳಿಗ್ಗೆ ಐದಕ್ಕೆ ಎದ್ದು ಧ್ಯಾನಕ್ಕೆ ಕೂರುತ್ತೇನೆ ಅನ್ನುವವರಿಗೆ ಈ ಮಾತು ಸಾಕು.

ಮನಸ್ಸು ಗಾಳಿಯ ಹಾಗೆ, ಅದನ್ನು ಹಿಡಿಯುವುದು ಹೇಗೆ ಅಂತ ಅರ್ಜುನ ಕೇಳುತ್ತಾನೆ. ಕಷ್ಟ ಹೌದು ಅಂತ ಕೃಷ್ಣ ಒಪ್ಪಿಕೊಳ್ಳುತ್ತಾನೆ. ಆಮೇಲೆ ಅಭ್ಯಾಸ ಮತ್ತು ವೈರಾಗ್ಯದಿಂದ ಸಾಧ್ಯ ಅನ್ನುತ್ತಾನೆ. ಹಾಗಾಗಿ ಧ್ಯಾನಕ್ಕೆ ಕೂತಾಗ ಮನಸ್ಸು ಆಫೀಸಿನ ಇಮೇಲ್‌ಗೆ, ಮಗನ ಪರೀಕ್ಷೆಗೆ, ಊರಿನ ಮನೆಯ ಸೋರುವ ಛಾವಣಿಗೆ ಓಡಿದರೆ "ನನಗೆ ಧ್ಯಾನ ಬರಲ್ಲ" ಅಂತ ಎದ್ದುಬಿಡಬೇಡಿ. ಓಡಿತು ಅಂತ ಗೊತ್ತಾಗಿ ವಾಪಸ್ ಕರೆದುಕೊಂಡು ಬಂದಿರಲ್ಲ, ಅಷ್ಟೇ ಅಭ್ಯಾಸ. ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ಕರೆತನ್ನಿ.

ಕೂತು ಮಾಡುವ ಧ್ಯಾನ ಇದಾಯಿತು. ದಿನವಿಡೀ ಮಾಡುವುದಕ್ಕೆ ಜಗನ್ನಾಥದಾಸರು ನಾಮಸ್ಮರಣ ಸಂಧಿಯಲ್ಲಿ ದಾರಿ ತೋರಿಸುತ್ತಾರೆ. ಮಕ್ಕಳನ್ನು ಆಡಿಸುವಾಗ, ಹೆಂಡತಿಯೊಂದಿಗೆ ಸಂತೋಷವಾಗಿರುವಾಗ, ವಾಹನ ಏರಿ ಹೋಗುವಾಗ, ಬಿಕ್ಕಳಿಸುವಾಗ, ಆಕಳಿಸುವಾಗ ಕೂಡ ಹರಿಯನ್ನು ನೆನೆಯಿರಿ ಅನ್ನುತ್ತಾರೆ. ಪಟ್ಟಿಯಲ್ಲಿ ಕಾಡಿಗೆ ಹೋಗುವುದು, ಸಂಸಾರ ಬಿಡುವುದು ಇಲ್ಲ. ಬಿಕ್ಕಳಿಕೆ, ಆಕಳಿಕೆ ಇದೆ! ಅಮೆರಿಕದಲ್ಲಿ 1979ರಿಂದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಶಾಲೆಯಲ್ಲಿ ಜಾನ್ ಕಬಾಟ್-ಜಿನ್ ಅವರು ದೀರ್ಘಕಾಲದ ನೋವಿನ ರೋಗಿಗಳಿಗೆ ಎಚ್ಚರದ ಧ್ಯಾನ ಕಲಿಸಲು ಶುರು ಮಾಡಿದರು. ಪಾತ್ರೆ ತೊಳೆಯುವಾಗ ಪಾತ್ರೆಯಲ್ಲೇ ಗಮನ, ನಡೆಯುವಾಗ ಹೆಜ್ಜೆಯಲ್ಲೇ ಗಮನ ಅನ್ನುವ ಕ್ರಮ ಅಲ್ಲಿಂದ ಆಸ್ಪತ್ರೆಗಳಿಗೆ, ಶಾಲೆಗಳಿಗೆ ಹಬ್ಬಿತು. ದಾಸರದ್ದು ಅದಕ್ಕಿಂತ ಹಳೆಯದು. ಅದರಲ್ಲಿ ಗಮನಕ್ಕೆ ಒಂದು ಮೂರ್ತಿ ಇದೆ, ಒಂದು ಹೆಸರಿದೆ, ಕರೆದರೆ ಓಗೊಡುವ ದೇವರಿದ್ದಾನೆ.

ಭೋಜನ ಸಂಧಿಯೂ ಇದೇ ದಾರಿಯದ್ದು. ತಟ್ಟೆಯಲ್ಲಿರುವ ಒಂದೊಂದು ಪದಾರ್ಥದಲ್ಲೂ ಭಗವಂತನ ಒಂದೊಂದು ರೂಪವನ್ನು ಚಿಂತಿಸಿ ಉಣ್ಣಬೇಕು ಅಂತ ದಾಸರು ಹೇಳುತ್ತಾರೆ. ಹಾಗೆ ಉಣ್ಣುವವರು ಟಿವಿ ನೋಡುತ್ತಾ ನಾಲ್ಕು ನಿಮಿಷಕ್ಕೆ ಊಟ ಮುಗಿಸಲಾರರು. ತುತ್ತು ಚಿಕ್ಕದಾಗುತ್ತದೆ, ಅಗಿಯುವುದು ಹೆಚ್ಚುತ್ತದೆ, ಸಾಕು ಅಂತ ಹೊಟ್ಟೆ ಹೇಳುವುದು ಕೇಳಿಸುತ್ತದೆ. ಇದನ್ನು ಬರೆದವರು ಹೊಟ್ಟೆಯ ನೋವನ್ನು ತಾವೇ ಉಂಡವರು ಅನ್ನುವುದನ್ನು ಮರೆಯಬಾರದು. ಶ್ರೀನಿವಾಸಾಚಾರ್ಯರಾಗಿದ್ದಾಗ ಅವರು ತೀವ್ರ ಉದರಶೂಲೆಯಿಂದ ನರಳಿದರು, ವಿಜಯದಾಸರ ಸೂಚನೆಯಂತೆ ಗೋಪಾಲದಾಸರ ಬಳಿ ಬಂದರು, ಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಅವರಿಗೆ ಧಾರೆಯೆರೆದರು ಎಂಬ ಕಥೆ ನಮ್ಮ ಪರಂಪರೆಯಲ್ಲಿ ಎಲ್ಲರಿಗೂ ಗೊತ್ತು. ಹರಿಕಥಾಮೃತಸಾರ ಹುಟ್ಟಿದ್ದು ಆ ದಾನವಾಗಿ ಬಂದ ವರ್ಷಗಳಲ್ಲಿ. ಆರೋಗ್ಯವಾಗಿ ಬದುಕುವ ಒಂದೊಂದು ದಿನವನ್ನೂ ಯಾರೋ ಕೊಟ್ಟ ದಾನ ಅಂತ ನೋಡುವುದನ್ನು ನಾನು ಕಲಿತದ್ದು ಈ ಕಥೆಯಿಂದ.

ಪರದೇಶದ ರಾತ್ರಿಗಳು

ನಮ್ಮಂಥವರಿಗೆ ಈ ಪಾಠ ಯಾಕೆ ಹೆಚ್ಚು ಬೇಕು ಅಂದರೆ, ಇಲ್ಲಿ ನಮಗಿರುವ ಕಷ್ಟ ಹೊರಗೆ ಕಾಣುವುದಿಲ್ಲ. ಸಂಬಳ ಇದೆ, ಮನೆ ಇದೆ, ಫೋಟೋದಲ್ಲಿ ಎಲ್ಲರೂ ನಗುತ್ತಿದ್ದೇವೆ. ಚಳಿಗಾಲದಲ್ಲಿ ನಮಗೂ ಊರಿಗೂ ಹತ್ತೂವರೆ ಗಂಟೆಯ ಅಂತರ. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ನನ್ನ ಅಮ್ಮ ಆಸ್ಪತ್ರೆಗೆ ಸೇರಿದಾಗ ಅಲ್ಲಿಯ ಡಾಕ್ಟರು ರೌಂಡ್ಸ್ ಬರುವ ಹೊತ್ತು ಇಲ್ಲಿ ನಡುರಾತ್ರಿ. ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ. ರಿಂಗ್ ಆಗದಿದ್ದರೂ ಎಚ್ಚರ. ಅಮ್ಮ ಹುಷಾರಾಗಿ ಮನೆಗೆ ಬಂದ ಮೇಲೂ ನನಗೆ ನಿದ್ದೆ ವಾಪಸ್ ಬರಲಿಲ್ಲ, ಮೂರು ಗಂಟೆಗೆ ಎದೆ ಡವಡವ ಅಂತ ಎದ್ದು ಕೂರುತ್ತಿದ್ದೆ.

ಆಗ ನನ್ನ ಕೈಹಿಡಿದದ್ದು ಶ್ವಾಸ ಸಂಧಿ. ಕತ್ತಲಲ್ಲಿ ಹಾಗೇ ಮಲಗಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು, ಈ ಉಸಿರು ನಾನು ಎಳೆಯುತ್ತಿರುವುದಲ್ಲ, ನಡೆಸುವವರು ಬೇರೆ ಇದ್ದಾರೆ, ಮೈಸೂರಿನಲ್ಲಿ ಅಮ್ಮನ ಒಳಗೆ ನಡೆಸುತ್ತಿರುವವರೂ ಅವರೇ ಅಂತ ಅನುಸಂಧಾನ ಮಾಡುತ್ತಿದ್ದೆ. ಒಂದೇ ದಿನಕ್ಕೆ ನಿದ್ದೆ ಬಂತು ಅಂತ ಹೇಳಲಾರೆ. ಒಂದೂವರೆ ತಿಂಗಳಾಯಿತು. ಆದರೆ ಎದ್ದು ಕೂತು ಫೋನು ನೋಡುವುದು ಮೊದಲ ವಾರದಲ್ಲೇ ನಿಂತಿತು.

ನಮ್ಮ ಬಳಗದ ಒಬ್ಬ ತಮ್ಮನಿಗೆ ಕೆಲಸ ಹೋಯಿತು, ವೀಸಾದ ಚಿಂತೆ ಹತ್ತಿತು. ಒಂದು ದಿನ ಕಾರಿನಲ್ಲಿ ಎದೆ ಬಿಗಿದು, ಕೈ ಮರಗಟ್ಟಿ, ಹೃದಯಾಘಾತ ಅಂದುಕೊಂಡು ಆಸ್ಪತ್ರೆಗೆ ಓಡಿದ. ಎಲ್ಲ ಪರೀಕ್ಷೆ ಮಾಡಿ, ಹೃದಯ ಚೆನ್ನಾಗಿದೆ, ಇದು ಪ್ಯಾನಿಕ್ ಅಟ್ಯಾಕ್ ಅಂದರು. ಅವನು ಮಾಡಿದ ಒಳ್ಳೆಯ ಕೆಲಸ ಏನೆಂದರೆ ಮೂರನ್ನೂ ಒಟ್ಟಿಗೆ ಹಿಡಿದ: ಕೌನ್ಸೆಲರ್ ಹತ್ತಿರ ಹೋದ, ದಿನಾ ನಡೆದ, ನಮ್ಮ ಜೊತೆ ಕೂತು ಉಗಾಭೋಗ ಹಾಡಿದ. "ಅಕ್ಕ, ಆ ಉದ್ದ ಸಾಲು ಹಾಡುವಾಗ ಹೆದರೋಕೆ ಜಾಗಾನೇ ಇರಲ್ಲ" ಅಂದಿದ್ದು ಅವನೇ. ಈಗ ಬೇರೆ ಕೆಲಸದಲ್ಲಿದ್ದಾನೆ, ಹಾಡುವುದನ್ನು ಬಿಟ್ಟಿಲ್ಲ.

ದಿನಕ್ಕೆ ಒಂದು ಘಳಿಗೆ: ಅಭ್ಯಾಸಕ್ರಮ

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಥವಾ ಊಟವಾಗಿ ಮೂರು ಗಂಟೆಯ ಮೇಲೆ ಮಾಡಿ. ಒಟ್ಟು 24 ನಿಮಿಷ.

1. ದೇಹ (8 ನಿಮಿಷ): ಕತ್ತು, ಭುಜ, ಮಣಿಕಟ್ಟು ನಿಧಾನವಾಗಿ ತಿರುಗಿಸಿ. ತಾಡಾಸನದಲ್ಲಿ ಕೈ ಮೇಲೆತ್ತಿ ಮೈ ಎಳೆಯಿರಿ. ಮಂಡಿ ಮತ್ತು ಅಂಗೈ ಊರಿ ಬೆನ್ನನ್ನು ಮೇಲೆ-ಕೆಳಗೆ ಬಾಗಿಸುವ ಮಾರ್ಜಾಲಾಸನ, ಆಮೇಲೆ ಭುಜಂಗಾಸನ. ಅಭ್ಯಾಸ ಇದ್ದವರು ಇದರ ಬದಲು ನಿಧಾನವಾಗಿ ನಾಲ್ಕಾರು ಸೂರ್ಯನಮಸ್ಕಾರ ಮಾಡಬಹುದು. ಮೊಣಕಾಲು ನೋವಿರುವ ಹಿರಿಯರು ಗಟ್ಟಿಯಾದ ಕುರ್ಚಿಯಲ್ಲಿ ಕೂತೇ ಕೈ, ಬೆನ್ನು, ಪಾದದ ಚಲನೆ ಮಾಡಿ.

2. ಉಸಿರು (6 ನಿಮಿಷ): ಬೆನ್ನು ನೇರ ಮಾಡಿ ಕೂತು, ಮನಸ್ಸಿನಲ್ಲಿ ನಾಲ್ಕು ಸಲ "ಕೃಷ್ಣ" ಅನ್ನುವಷ್ಟು ಹೊತ್ತು ಉಸಿರು ಒಳಗೆ, ಆರು ಸಲ "ಕೃಷ್ಣ" ಅನ್ನುವಷ್ಟು ಹೊತ್ತು ಹೊರಗೆ. ಒಂದು ನಾಮಕ್ಕೆ ಒಂದು ಸೆಕೆಂಡ್ ಅಂದರೆ ನಿಮಿಷಕ್ಕೆ 6 ಉಸಿರು, ಆರು ನಿಮಿಷಕ್ಕೆ 36. ಉಸಿರು ಕಟ್ಟುವುದು ಬೇಡ. ಕಷ್ಟವಾದರೆ ಮೂರು-ನಾಲ್ಕರ ಲೆಕ್ಕದಿಂದ ಶುರು ಮಾಡಿ. ಕೊನೆಯ ಒಂದು ನಿಮಿಷ ಭ್ರಾಮರಿ.

3. ಹಾಡು (6 ನಿಮಿಷ): ನಿಮಗೆ ಬಾಯಿಪಾಠ ಬರುವ ಒಂದು ಉಗಾಭೋಗ ಅಥವಾ ದೇವರನಾಮವನ್ನು ವಿಳಂಬದಲ್ಲಿ ಹಾಡಿ. ಶ್ರುತಿ, ತಾಳದ ಚಿಂತೆ ಬೇಡ. ಅಕ್ಕಪಕ್ಕದ ಫ್ಲಾಟಿನವರಿಗೆ ತೊಂದರೆ ಅನಿಸಿದರೆ ಗುನುಗಿ.

4. ಮೌನ (4 ನಿಮಿಷ): ಕಣ್ಣು ಮುಚ್ಚಿ, ಸಹಜ ಉಸಿರು ಬಿಟ್ಟುಬಿಡಿ. ಶ್ವಾಸ ಸಂಧಿಯ ಅನುಸಂಧಾನ ಮಾಡಿ. ಈ ನಾಲ್ಕು ನಿಮಿಷದಲ್ಲಿ ದಾಸರ ಲೆಕ್ಕದ ಪ್ರಕಾರ 60 ಜಪ ನಿಮ್ಮೊಳಗೆ ನಡೆದಿರುತ್ತದೆ. ಎಣಿಸಬೇಡಿ, ಕೃಷ್ಣಾರ್ಪಣ ಅಂದು ಏಳಿ.

ಒಂದು ಘಳಿಗೆ ಸಿಗದ ದಿನ ಬರೀ ಎರಡನೆಯದನ್ನು ಮಾಡಿ. ರೈಲಿನಲ್ಲಿ, ಆಫೀಸಿನ ಮೀಟಿಂಗ್‌ಗೆ ಮುಂಚೆ ಕುರ್ಚಿಯಲ್ಲಿ, ಎಲ್ಲಿ ಬೇಕಾದರೂ ಆಗುತ್ತದೆ. ಕಾರು ಓಡಿಸುವಾಗ ಮಾತ್ರ ಕಣ್ಣು ಮುಚ್ಚುವ ಅಭ್ಯಾಸ ಯಾವುದೂ ಬೇಡ, ನಾಮಸ್ಮರಣೆ ಸಾಕು.

ಕೆಲವು ಎಚ್ಚರಿಕೆಗಳು

ರಕ್ತದೊತ್ತಡ ಹತೋಟಿಯಲ್ಲಿ ಇಲ್ಲದವರು, ಹೃದ್ರೋಗ, ಹರ್ನಿಯಾ, ಮೂರ್ಛೆರೋಗ ಇರುವವರು, ಗರ್ಭಿಣಿಯರು ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಕ್ರಿಯೆಗಳನ್ನು ಯೂಟ್ಯೂಬ್ ನೋಡಿ ಮಾಡಬಾರದು. ಗ್ಲಾಕೋಮ ಇರುವವರು ತಲೆ ಕೆಳಗಾಗುವ ಆಸನ ಮಾಡಬಾರದು. ಬಿಪಿ, ಸಕ್ಕರೆ, ಥೈರಾಯ್ಡ್, ಖಿನ್ನತೆಯ ಮಾತ್ರೆಗಳನ್ನು "ಈಗ ಯೋಗ ಮಾಡ್ತಿದೀನಲ್ಲ" ಅಂತ ನಿಲ್ಲಿಸುವುದು ಬಹಳ ಅಪಾಯ. ಕಡಿಮೆ ಮಾಡಬೇಕೋ ಬೇಡವೋ ಅಂತ ಹೇಳಬೇಕಾದವರು ನಿಮ್ಮ ಡಾಕ್ಟರು.

ಮನಸ್ಸಿನ ವಿಷಯದಲ್ಲಿ ಇನ್ನೂ ಮುಖ್ಯವಾದ ಮಾತು. ಕೆಲವರಿಗೆ ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಹಳೆಯ ನೋವು, ಭಯ ಇನ್ನೂ ಹೆಚ್ಚಾಗಿ ಏಳುತ್ತದೆ. ಹಾಗಾದರೆ ಬಲವಂತ ಮಾಡಬೇಡಿ. ಕಣ್ಣು ಬಿಡಿ, ಎದ್ದು ನಡೆಯಿರಿ, ಜೋರಾಗಿ ಹಾಡಿ. ಎರಡು ವಾರಕ್ಕೂ ಹೆಚ್ಚು ಕಾಲ ಏನೂ ಬೇಡ ಅನಿಸುತ್ತಿದ್ದರೆ, ನಿದ್ದೆ-ಊಟ ಕೆಟ್ಟಿದ್ದರೆ, ವೈದ್ಯರ ಹತ್ತಿರ ಹೋಗಿ. ಬದುಕೇ ಬೇಡ ಅನ್ನುವ ಯೋಚನೆ ಬಂದರೆ ಕೆನಡಾ ಮತ್ತು ಅಮೆರಿಕದಲ್ಲಿ 988ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಭಕ್ತಿ ಕಡಿಮೆಯಾಗಿದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಹೊಟ್ಟೆನೋವು ದಾಸರಿಗೂ ಬಂದಿತ್ತು, ಅವರೂ ಇನ್ನೊಬ್ಬರ ಸಹಾಯ ಕೇಳಿಕೊಂಡು ಹೋಗಿದ್ದರು.

ಈ ವಾರದ ಮನೆಪಾಠ

ದಿನಕ್ಕೆ ಮೂರು ಸಲ, ಬೆಳಿಗ್ಗೆ ಎದ್ದಾಗ, ಮಧ್ಯಾಹ್ನ ಕೆಲಸದ ನಡುವೆ, ರಾತ್ರಿ ಮಲಗುವ ಮುಂಚೆ, ಒಂದು ನಿಮಿಷ ನಿಮ್ಮ ಉಸಿರನ್ನು ಎಣಿಸಿ ಒಂದು ಚೀಟಿಯಲ್ಲಿ ಬರೆದಿಡಿ. ಯಾವ ಹೊತ್ತಿಗೆ ಹೆಚ್ಚು, ಯಾವ ಹೊತ್ತಿಗೆ ಕಡಿಮೆ, ಯಾರ ಜೊತೆ ಮಾತಾಡಿದ ಮೇಲೆ ಏರಿತು, ಯಾವ ಹಾಡಿನ ನಂತರ ಇಳಿಯಿತು ನೋಡಿ. ಮಕ್ಕಳನ್ನೂ ಸೇರಿಸಿಕೊಳ್ಳಿ. ಚಿಕ್ಕ ಮಕ್ಕಳ ಉಸಿರು ದೊಡ್ಡವರಿಗಿಂತ ವೇಗವಾಗಿರುವುದು ಸಹಜ, ಗಾಬರಿಯಾಗಬೇಡಿ. ದಿನಕ್ಕೆ ಒಂದು ಊಟವನ್ನಾದರೂ ಟಿವಿ, ಫೋನು ಬದಿಗಿಟ್ಟು, ಭೋಜನ ಸಂಧಿಯನ್ನು ನೆನೆದು ಮಾಡಿ.

ಮುಂದಿನ ಪಾಠದಲ್ಲಿ ಶ್ವಾಸ ಸಂಧಿಯ ಪದ್ಯಗಳನ್ನು ಒಂದೊಂದಾಗಿ ಅರ್ಥದೊಂದಿಗೆ ನೋಡೋಣ. ಪುಸ್ತಕ ಇದ್ದವರು ಈಗಲೇ ತೆಗೆದಿಟ್ಟುಕೊಳ್ಳಿ, ಇಲ್ಲದವರು ಊರಿನಿಂದ ಬರುವವರ ಕೈಲಿ ತರಿಸಿಕೊಳ್ಳಿ. ನಿಮ್ಮ ಚೀಟಿಯ ಲೆಕ್ಕವನ್ನು ಶನಿವಾರ ತರಗತಿಗೆ ಬರುವಾಗ ತನ್ನಿ.

ಎಲ್ಲರಿಗೂ ಆಯುರಾರೋಗ್ಯ, ಮನಶ್ಶಾಂತಿ, ಹರಿಸ್ಮರಣೆ ದೊರೆಯಲಿ.

|| ಶ್ರೀ ಭಾರತೀರಮಣ ಮುಖ್ಯಪ್ರಾಣಾಂತರ್ಗತ ಶ್ರೀ ಕೃಷ್ಣಾರ್ಪಣಮಸ್ತು ||